ಹುಳಿ ಕಡಿಮೆ ಮಾಡಿದ ಎರಡು ಬಾಟಲಿಗಳು

ನಮ್ಮ ಅತ್ತೆಯ ಕೆಲಸ ಡಬ್ಬಿಗಳನ್ನು ಬಡಿಯುವುದು. ಹೀಗೆಂದರೆ ಮೊದಲ ಸಲ ಕೇಳಿದವರು ನಗುತ್ತಾರೆ. ತರಕಾರಿಗಳನ್ನು ತಗಡಿನ ಡಬ್ಬಿಗೆ ತುಂಬಿ ಮುಚ್ಚುವ ಫ್ಯಾಕ್ಟರಿಯಲ್ಲಿ ಅವರು ಇಪ್ಪತ್ತಮೂರು ವರ್ಷದಿಂದ ಇದ್ದಾರೆ. ಕೈಯಲ್ಲಿ ಗೇಣುದ್ದದ ಉಕ್ಕಿನ ಕಡ್ಡಿ, ಅದರ ತುದಿಯಲ್ಲಿ ಬಟಾಣಿ ಗಾತ್ರದ ಗುಂಡು. ಬೆಂದು ತಣ್ಣಗಾದ ಡಬ್ಬಿಗಳು ರಬ್ಬರ್ ಪಟ್ಟಿಯ ಮೇಲೆ ಸಾಲಾಗಿ ಬರುತ್ತವೆ. ಅತ್ತೆ ಪ್ರತಿಯೊಂದರ ಮುಚ್ಚಳದ ನಡುವೆ ಒಂದು ಸಲ ಬಡಿಯುತ್ತಾರೆ. ಒಳಗೆ ಗಾಳಿ ಇಲ್ಲದೆ ಮುಚ್ಚಳ ಬಿಗಿಯಾಗಿದ್ದರೆ 'ಟಣ್' ಅನ್ನುತ್ತದೆ. ಎಲ್ಲೋ ಸೋರಿ ಗಾಳಿ ಹೊಕ್ಕಿದ್ದರೆ 'ದಬ್' ಅನ್ನುತ್ತದೆ. ದಬ್ ಅಂದದ್ದನ್ನು ಎಡಗೈಯಿಂದ ಎತ್ತಿ ಪಕ್ಕದ ಕ್ರೇಟಿಗೆ ಹಾಕುತ್ತಾರೆ. ನಿಮಿಷಕ್ಕೆ ನಲವತ್ತು ಡಬ್ಬಿ. ಆ ಕೋಣೆಯಲ್ಲಿ ಮೋಟಾರುಗಳ ಸದ್ದು ಎಷ್ಟಿದೆ ಎಂದರೆ ಪಕ್ಕದವರು ಮಾತಾಡಿದ್ದು ಕೇಳುವುದಿಲ್ಲ. ಅತ್ತೆಗೆ ಡಬ್ಬಿಯ ಮಾತು ಮಾತ್ರ ಕೇಳುತ್ತದೆ.

"ನಂದು ಕೈ ಕೆಲಸ ಅಲ್ಲ, ಕಿವಿ ಕೆಲಸ. ನಾನು ಕೇಳೋದು ಅಷ್ಟೇ," ಎಂದು ಅವರು ಹೇಳುತ್ತಿದ್ದರು.

ಈ ಅಭ್ಯಾಸ ಮನೆಗೂ ಬಂದಿತ್ತು. ಪಾತ್ರೆ ಕೊಳ್ಳುವಾಗ ಬಡಿಯುತ್ತಿದ್ದರು, ಕುಂಬಳಕಾಯಿ ಕೊಳ್ಳುವಾಗ ಬಡಿಯುತ್ತಿದ್ದರು, ಹೊಸ ಬಾಗಿಲು ಹಾಕಿಸಿದಾಗ ಬಡಗಿಯ ಎದುರೇ ಅದನ್ನು ಮೇಲಿಂದ ಕೆಳಗೆ ಬಡಿದು ನೋಡಿ ಅವನಿಗೆ ಸಿಟ್ಟು ತರಿಸಿದ್ದರು. ನಾನು ಅವರ ತಮ್ಮನ ಮಗಳು. ನಮ್ಮ ಮನೆ ಅವರಿರುವ ಕಟ್ಟಡದಲ್ಲೇ, ಮೇಲಿನ ಅಂತಸ್ತಿನಲ್ಲಿದೆ. ಚಿಕ್ಕವಳಿದ್ದಾಗ ನಾನು ಏನಾದರೂ ಮರೆತರೆ ಬೆರಳಿನ ಗೆಣ್ಣಿನಿಂದ ನನ್ನ ತಲೆಯನ್ನೂ ಬಡಿದು, "ದಬ್ ಅಂತು," ಎನ್ನುತ್ತಿದ್ದರು.

ಅವರ ಗಂಡ, ನಮ್ಮ ಮಾವ, ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವ ಕೆಲಸದಲ್ಲಿದ್ದರು. ಗಾಜಿನ ಕಿಟಕಿಯಿರುವ ಸಣ್ಣ ಕೋಣೆ, ಒಂದು ಮೇಜು, ಗೋಡೆಗೆ ಅಂಟಿಸಿದ ವೇಳಾಪಟ್ಟಿ. "ಪ್ರಯಾಣಿಕರ ಗಮನಕ್ಕೆ. ಹದಿನೇಳನೇ ನಂಬರಿನ ಬಸ್ಸು ಮೂರನೇ ಅಂಕಣದಲ್ಲಿ ನಿಂತಿದೆ." ನಿಲ್ದಾಣದ ಸುತ್ತಲಿನ ಅಂಗಡಿಯವರಿಗೆ ಅವರ ಮುಖ ಗೊತ್ತಿರಲಿಲ್ಲ, ದನಿ ಗೊತ್ತಿತ್ತು. ಅಷ್ಟು ದೊಡ್ಡ ನಿಲ್ದಾಣಕ್ಕೆ ಕೇಳಿಸುವ ದನಿಯವರು ಮನೆಯಲ್ಲಿ ಮಾತ್ರ ಮೆಲ್ಲಗೆ ಮಾತಾಡುತ್ತಿದ್ದರು. ಅವರಿಗೆ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಹುಳಿ ತಿಂದರೆ ಮೈಕಿನ ಮುಂದೆಯೇ ತೇಗು ಬಂದುಬಿಡುತ್ತದೆ ಎಂದು ಹೆದರುತ್ತಿದ್ದರು. ಒಂದು ಸಲ ಹಾಗೆ ಬಂದೂ ಇತ್ತಂತೆ. ಆ ದಿನ ಆರನೇ ಅಂಕಣದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರಂತೆ.

ವರ್ಷಕ್ಕೊಮ್ಮೆ ಬೀನ್ಸ್ ರಾಶಿ ರಾಶಿ ಬರುವ ತಿಂಗಳಲ್ಲಿ ಅತ್ತೆ ಮನೆಗೆಂದು ಎಂಟು ಗಾಜಿನ ಬಾಟಲಿ ತುಂಬಿಸುತ್ತಿದ್ದರು. ಬೀನ್ಸ್ ಸೋಸಿ, ಉಪ್ಪು ನೀರು, ಮೇಲಿಂದ ಧಾರಾಳವಾಗಿ ವಿನಿಗರ್. ತಿರುಗಿಸಿ ಮುಚ್ಚುವ ತಗಡಿನ ಮುಚ್ಚಳ ಹಾಕಿ, ದೊಡ್ಡ ಪಾತ್ರೆಯ ಕುದಿಯುವ ನೀರಿನಲ್ಲಿ ಒಂದು ಗಂಟೆ ಮುಳುಗಿಸಿ ಇಡುತ್ತಿದ್ದರು. ಆರಿದ ಮೇಲೆ ಒಂದೊಂದನ್ನೇ ಬಡಿದು ಟಣ್ ಅನ್ನಿಸಿಕೊಂಡು ಕಪಾಟಿಗೆ ಏರಿಸುತ್ತಿದ್ದರು. ಹನ್ನೊಂದು ವರ್ಷ ಇದರಿಂದ ಯಾರಿಗೂ ಏನೂ ಆಗಿರಲಿಲ್ಲ.

ಈ ವರ್ಷ ಮಾವ, "ಬರೀ ವಾಸನೆ ನೋಡಿ ನೋಡಿ ಸಾಕಾಯ್ತು. ನಂಗೂ ಒಂದೆರಡು ಬಾಟಲಿ ಹುಳಿ ಇಲ್ದೆ ಮಾಡೇ," ಎಂದರು.

ಅತ್ತೆ ಎರಡು ಬಾಟಲಿಗಳಿಗೆ ಹೆಸರಿಗೆ ಒಂದೊಂದು ಚಮಚ ವಿನಿಗರ್ ಹಾಕಿದರು. ಗುರುತಿಗೆ ಎರಡರ ಕುತ್ತಿಗೆಗೂ ಕೆಂಪು ದಾರ ಕಟ್ಟಿದರು. ಬೇಯಿಸಿದ್ದು ಎಲ್ಲದರ ಜೊತೆಯಲ್ಲೇ. ಆರಿದ ಮೇಲೆ ಬಡಿದರು. ಎರಡೂ ಟಣ್ ಅಂದವು.

ಏಳು ವಾರ ಕಳೆದ ಮೇಲೆ ಒಂದು ಮಂಗಳವಾರ ಮಾವ ಒಂದನೇ ಕೆಂಪು ದಾರದ ಬಾಟಲಿ ತೆಗೆದರು. ಬಿಸಿ ಮಾಡದೆ, ಈರುಳ್ಳಿ ಹೆಚ್ಚಿ ಹಾಕಿಕೊಂಡು, ಒಂದೇ ಊಟಕ್ಕೆ ಮುಗಿಸಿದರು. ಚೆನ್ನಾಗಿದೆ ಎಂದು ಎರಡು ಸಲ ಹೇಳಿದರು. ಕೆಟ್ಟ ವಾಸನೆ ಏನೂ ಇರಲಿಲ್ಲ ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ. ಅವರು ಬಾಟಲಿಯನ್ನು ಬಿಸಿನೀರು, ಸೋಪು ಹಾಕಿ ತೊಳೆದು, ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದರು.

ಗುರುವಾರ ಬೆಳಿಗ್ಗೆ ನಿಲ್ದಾಣದಲ್ಲಿ ಮಾವನ ದನಿ ಕೆಟ್ಟಿತು. ಆಗ ನಾನು ಅಪ್ಪನ ಜೊತೆ ಎಂಟನೇ ಅಂಕಣದಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಆದ್ದರಿಂದ ಇದನ್ನು ಕೇಳಿದವಳಾಗಿಯೇ ಬರೆಯುತ್ತಿದ್ದೇನೆ. "ಪ್ಯಾಣಿಕಯ ಗಮ್ನಕ್ಕೆ," ಎಂದಿತು ದನಿ. ಆಮೇಲೆ ಬಸ್ಸಿನ ನಂಬರು ಬಾಯೊಳಗೇ ಉಳಿಯಿತು.

ಪಕ್ಕದಲ್ಲಿದ್ದ ಒಬ್ಬರು, "ಬೆಳಿಗ್ಗೆ ಬೆಳಿಗ್ಗೆನೇ ಏರಿಸ್ಕೊಂಡು ಬಂದಿದಾರೆ ಮೈಕ್ ಸಾಹೇಬ್ರು," ಎಂದರು.

"ಒಂದ್ ಲೋಟ ನಮಗೂ ಕಳ್ಸಿ ಸ್ವಾಮಿ!" ಎಂದು ಇನ್ನೊಬ್ಬರು ಸ್ಪೀಕರಿನ ಕಡೆ ಮುಖ ಮಾಡಿ ಕೂಗಿದರು. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

ಕಂಟ್ರೋಲರು ಮಾವನ ಬಾಯಿ ಮೂಸಿ ನೋಡಿ, ಏನೂ ಸಿಗದಿದ್ದರೂ, ಮನೆಗೆ ಹೋಗಿ ಎಂದರು. ಅಪ್ಪ ಆಟೋದಲ್ಲಿ ಕೂರಿಸಿಕೊಂಡು ಬಂದರು. ಅತ್ತೆ ಅವತ್ತು ಎರಡನೇ ಪಾಳಿ, ಮನೆಯಲ್ಲೇ ಇದ್ದರು. ಮಾವ ಬಾಗಿಲಿಗೆ ಒರಗಿ ಅವರನ್ನೇ ನೋಡಿದರು. ರೆಪ್ಪೆಗಳು ಅರ್ಧ ಇಳಿದಿದ್ದವು.

"ನಿನ್ನ ಮುಖ ಎರಡೆರಡು ಕಾಣ್ತಿದೆ," ಎಂದರು ನಾಲಿಗೆ ಹೊರಳಿಸುತ್ತ. "ಒಂದನ್ನ ಸಂಭಾಳಿಸೋದೇ ಕಷ್ಟ."

ಅವರು ಕೊನೆಯದಾಗಿ ಆಡಿದ ಸ್ಪಷ್ಟವಾದ ತಮಾಷೆ ಇದು. ಅದಾದ ಮೇಲೆ ಐದು ತಿಂಗಳು ಅವರು ಮಾತಾಡಲಿಲ್ಲ.

ಆಸ್ಪತ್ರೆಯಲ್ಲಿ ಮೊದಲು ಪಾರ್ಶ್ವವಾಯು ಅಂದುಕೊಂಡರು. ಮಧ್ಯಾಹ್ನ ಬಂದ ಹಿರಿಯ ಡಾಕ್ಟರು ಮಾವನ ಎರಡೂ ರೆಪ್ಪೆ ಎತ್ತಿ ನೋಡಿದರು, ಕೈ ಒತ್ತಿಸಿದರು, ನುಂಗಲು ನೀರು ಕೊಟ್ಟರು. ನೀರು ಮೂಗಿನಿಂದ ಹೊರಗೆ ಬಂತು.

"ಪಾರ್ಶ್ವವಾಯು ಆಗಿದ್ರೆ ಒಂದು ಕಡೆ ಬೀಳ್ತಿತ್ತು. ಇದು ಎರಡೂ ಕಡೆ ಸಮ ಸಮ, ಮೇಲಿಂದ ಕೆಳಕ್ಕೆ ಇಳೀತಿದೆ," ಎಂದರು. "ಇವರು ಈ ವಾರ ಏನೇನು ತಿಂದ್ರಮ್ಮಾ? ಡಬ್ಬಿಯಲ್ಲಿದ್ದದ್ದು, ಬಾಟಲಿಯಲ್ಲಿದ್ದದ್ದು ಏನಾದ್ರೂ?"

"ನಮ್ಮ ಫ್ಯಾಕ್ಟರಿದು ಒಂದು ಬೀನ್ಸ್ ಟಿನ್ನಿತ್ತು ಡಾಕ್ಟ್ರೇ. ಅಂಚು ನೆಗ್ಗಿದ್ದು. ಕೆಲಸದವರಿಗೆ ಕೊಡ್ತಾರೆ. ಸೋಮವಾರ ಮೇಜಿನ ಮೇಲಿತ್ತು, ಈಗಿಲ್ಲ. ಕೆಲಸಕ್ಕೆ ತಗೊಂಡು ಹೋಗಿ ತಿಂದಿರ್ಬೇಕು."

"ಮನೇಲಿ ಮಾಡಿದ್ದು?"

"ಒಂದು ಬಾಟಲಿ ಬೀನ್ಸ್. ಅದು ಚೆನ್ನಾಗಿತ್ತು. ನಾನೇ ಬಡಿದು ನೋಡಿದ್ದೆ."

ಡಾಕ್ಟರಿಗೆ ಬಡಿಯುವುದು ಎಂದರೇನು ಎಂದು ಅರ್ಥವಾಗಲಿಲ್ಲ. ಕೇಳುವಷ್ಟು ಹೊತ್ತೂ ಇರಲಿಲ್ಲ. ಸಂಜೆಯೊಳಗೆ ಮಾವನ ಎದೆ ಏರುವುದು ನಿಧಾನವಾಯಿತು, ಉಸಿರಾಟದ ಯಂತ್ರ ಹಾಕಿದರು. ತಿಂದದ್ದರಲ್ಲಿ ವಿಷವಿತ್ತು ಎಂದರು ಡಾಕ್ಟರು. ಅದಕ್ಕೆ ಪ್ರತಿಯಾದ ಔಷಧ ಬೇರೆ ಊರಿಂದ ವ್ಯಾನಿನಲ್ಲಿ ಮರುದಿನ ಬಂತು. ಅದು ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆ, ಆಗಲೇ ನರಗಳ ತುದಿ ಸೇರಿದ್ದನ್ನು ಬಿಡಿಸುವುದಿಲ್ಲ ಎಂದು ಡಾಕ್ಟರು ಹೇಳಿದರು. ನರ ಆಜ್ಞೆ ಕಳಿಸುತ್ತದೆ, ಅದು ಸ್ನಾಯುವಿಗೆ ಮುಟ್ಟುವುದಿಲ್ಲ. ಆದರೆ ಚರ್ಮಕ್ಕೆ ಮುಟ್ಟಿದ್ದು ತಿಳಿಯುತ್ತದೆ, ಕಿವಿ ಕೇಳುತ್ತದೆ, ಬುದ್ಧಿ ಎಚ್ಚರವಾಗಿರುತ್ತದೆ.

"ಅಂದ್ರೆ ಒಳಗೆ ಎಲ್ಲಾ ಇದೆ, ಮುಚ್ಚಳ ಮಾತ್ರ ತೆಗೆಯಕ್ಕಾಗಲ್ಲ," ಎಂದರು ಅತ್ತೆ.

"ಹಾಗೇ ಅಂದ್ಕೊಳ್ಳಿ," ಎಂದರು ಡಾಕ್ಟರು.

ಅತ್ತೆ ಅಳಲಿಲ್ಲ. ಅವತ್ತೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು, ಫ್ಲಾಸ್ಕಿಗೆ ಬಿಸಿನೀರು ತುಂಬಿಕೊಂಡು ಆಸ್ಪತ್ರೆಗೆ ಹೋಗುತ್ತಿದ್ದರು. ಕಾರಿಡಾರಿನ ಬೆಂಚಿನ ಎಡತುದಿಯಲ್ಲಿ ಕೂರುತ್ತಿದ್ದರು. ಊಟ ಕೊಟ್ಟರೆ ತಿನ್ನುತ್ತಿದ್ದರು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಒಂದು ದಿನ ಅಮ್ಮ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದರು. ಅತ್ತೆ ಪೂರ್ತಿ ಕುಡಿದು ಲೋಟ ತೊಳೆದಿಟ್ಟರು.

ಶನಿವಾರ ಸರ್ಕಾರಿ ಪ್ರಯೋಗಾಲಯದಿಂದ ಒಬ್ಬರು ಮನೆಗೆ ಬಂದರು. ಬಟ್ಟೆ ಚೀಲ ಹೆಗಲಿಗೆ ಹಾಕಿಕೊಂಡ, ತುಂಬ ಸಣ್ಣ ದನಿಯ ಹೆಂಗಸು. ನಾವು ಅವರನ್ನು ಲ್ಯಾಬ್ ಮೇಡಂ ಅನ್ನುತ್ತಿದ್ದೆವು. ತೊಳೆದ ಬಾಟಲಿ ನೋಡಿ ನಿಟ್ಟುಸಿರು ಬಿಟ್ಟರು. "ಇಷ್ಟು ಚೊಕ್ಕಟ ಇರಬಾರದಿತ್ತಮ್ಮಾ," ಎಂದರು. ಕಪಾಟಿನ ಮುಂದಿನ ಸಾಲಿನಲ್ಲಿದ್ದ ಎರಡು ಬಾಟಲಿಗಳನ್ನು ತೆಗೆದುಕೊಂಡು, ಒಂದನ್ನು ತೆರೆದು, ಬಣ್ಣ ಬದಲಾಗುವ ಒಂದು ಕಾಗದದ ಪಟ್ಟಿ ಅದ್ದಿದರು.

"ಹುಳಿ ಚೆನ್ನಾಗಿದೆ. ಇಷ್ಟು ಹುಳಿ ಇದ್ರೆ ಅದು ಬೆಳೆಯಲ್ಲ."

"ಯಾವ್ದು?" ಎಂದರು ಅತ್ತೆ.

ಮೇಡಂ ಸ್ಟೂಲಿನ ಮೇಲೆ ಕೂತು ಹೇಳಿದರು. ಅವರು ಹೇಳಿದ್ದನ್ನು ನಾನು ಬರೆದುಕೊಂಡು, ಆಮೇಲೆ ಅವರಿಗೇ ಎರಡು ಸಲ ಓದಿ ತೋರಿಸಿ ಸರಿಪಡಿಸಿಕೊಂಡಿದ್ದೇನೆ. ಅದರ ಹೆಸರು ಕ್ಲೊಸ್ಟ್ರಿಡಿಯಂ ಬೊಟುಲಿನಂ. ಮಣ್ಣಿನಲ್ಲಿ ಎಲ್ಲ ಕಡೆಯೂ ಇರುವ ಬ್ಯಾಕ್ಟೀರಿಯಾ. ಕಷ್ಟ ಬಂದರೆ ಗಟ್ಟಿ ಚಿಪ್ಪಿನ ಬೀಜಕಣವಾಗಿ ಮುದುಡಿಕೊಂಡು ವರ್ಷಗಟ್ಟಲೆ ಸುಮ್ಮನಿರುತ್ತದೆ. ಕುದಿಯುವ ನೀರಿಗೆ ಆ ಬೀಜಕಣ ಸಾಯುವುದಿಲ್ಲ. ಸಾಯಬೇಕಾದರೆ ಒತ್ತಡದಲ್ಲಿ ನೂರಾ ಇಪ್ಪತ್ತೊಂದು ಡಿಗ್ರಿ ಬಿಸಿ ಬೇಕು. ಸಾಯದೆ ಉಳಿದರೆ, ಗಾಳಿ ಇಲ್ಲದ, ಹುಳಿ ಇಲ್ಲದ ಜಾಗ ಸಿಕ್ಕಾಗ ಚಿಪ್ಪು ಒಡೆದು ಬೆಳೆದು ವಿಷ ಮಾಡುತ್ತದೆ.

"ಗಾಳಿ ಇಲ್ದೆ ಇದ್ರೆ?" ಎಂದರು ಅತ್ತೆ.

"ಹೌದು. ಗಾಳಿ ಇದ್ರೆ ಬೆಳೆಯಲ್ಲ. ಮುಚ್ಚಳ ಬಿಗಿ ಇದ್ದಷ್ಟೂ ಅದಕ್ಕೆ ಒಳ್ಳೇದು."

ನೂರಾ ಇಪ್ಪತ್ತೊಂದು ಎನ್ನುವ ಅಂಕಿ ಅವರ ಫ್ಯಾಕ್ಟರಿಯ ಗೋಡೆಯ ಮೇಲೆ ಆಳೆತ್ತರದ ಕೆಂಪು ಅಕ್ಷರದಲ್ಲಿದೆ. ಇಪ್ಪತ್ತಮೂರು ವರ್ಷ ಅದರ ಕೆಳಗೇ ನಿಂತಿದ್ದಾರೆ. ಅದು ಬೀನ್ಸ್ ಮೆತ್ತಗಾಗಲಿ ಅಂತ ಇರಬೇಕು ಎಂದುಕೊಂಡಿದ್ದರಂತೆ. ಮನೆಯ ಬಾಟಲಿಗೆ ಹಾಕುವ ವಿನಿಗರ್ ಬಾಯಿಗೆ ರುಚಿ ಅಂತ ಮಾತ್ರ ಗೊತ್ತಿತ್ತು, ಅದು ಕಾವಲಿಗೆ ಇದೆ ಅಂತ ಗೊತ್ತಿರಲಿಲ್ಲ.

"ಎಂಟೂ ಬಾಟಲಿ ಒಂದೇ ಥರ ಮಾಡಿದ್ದಾ?" ಎಂದು ಮೇಡಂ ಕೇಳಿದರು.

"ಒಂದೇ ಥರ," ಎಂದರು ಅತ್ತೆ.

ಎರಡನೇ ಕೆಂಪು ದಾರದ ಬಾಟಲಿ ಕಪಾಟಿನ ಹಿಂದಿನ ಸಾಲಿನಲ್ಲಿತ್ತು. ಯಾಕೆ ಹಾಗೆ ಹೇಳಿದಿರಿ ಎಂದು ನಾನು ಆಮೇಲೆ ಒಮ್ಮೆ ಕೇಳಿದ್ದೇನೆ. "ನಾನು ಹೇಳಿಲ್ಲ, ಬಾಯಿ ಹೇಳ್ತು," ಎಂದರು.

ಆ ಒಂದು ಮಾತಿನಿಂದ ಫ್ಯಾಕ್ಟರಿಗೆ ಬೀಗ ಬಿತ್ತು. ಮನೆಯ ಬಾಟಲಿಗಳಲ್ಲಿ ಏನೂ ಸಿಗಲಿಲ್ಲ, ಅಂದ ಮೇಲೆ ಟಿನ್ನೇ ಇರಬೇಕು. ಮಾವನ ಮಲದಲ್ಲಿ ಸಿಕ್ಕಿದ ವಿಷ 'ಬಿ' ಎಂಬ ಬಗೆಯದು. ಫ್ಯಾಕ್ಟರಿಯಲ್ಲಿ ಬೀನ್ಸ್ ಇಳಿಸುವ ಶೆಡ್ಡಿನ ಮಣ್ಣಿನಲ್ಲೂ 'ಬಿ' ಬಗೆಯದೇ ಸಿಕ್ಕಿತು. ಡಬ್ಬಿಗಳ ಪಟ್ಟಿ ನಿಂತಿತು. ಎಪ್ಪತ್ತು ಹೆಂಗಸರು ಮನೆಯಲ್ಲಿ ಕೂತರು. ಡಬ್ಬಿಗಳನ್ನು ಹಬೆಯಲ್ಲಿ ಬೇಯಿಸುವ ದೊಡ್ಡ ಉಕ್ಕಿನ ಪಾತ್ರೆಯನ್ನು ಅಲ್ಲಿ ಎಲ್ಲರೂ ಹಂಡೆ ಅನ್ನುತ್ತಾರೆ, ಅದನ್ನು ನೋಡಿಕೊಳ್ಳುವವರನ್ನು ಹಂಡೆ ಅಣ್ಣ ಅನ್ನುತ್ತಾರೆ. ಹಂಡೆ ಅಣ್ಣನನ್ನು ಕೆಲಸದಿಂದ ನಿಲ್ಲಿಸಿ ವಿಚಾರಣೆಗೆ ಕರೆದರು.

ಜೊತೆಯ ಹೆಂಗಸರು ಆಸ್ಪತ್ರೆಗೆ ಬಂದರು. ಮೊದಲ ದಿನ ಅತ್ತೆಯ ಕೈ ಹಿಡಿದುಕೊಂಡು ಕೂತರು. ಮುಂದಿನ ವಾರ ಬಂದವರು ಇಬ್ಬರೇ. ಅವರಲ್ಲಿ ಲೇಬಲ್ ಅಂಟಿಸುವವಳು, "ಅಕ್ಕಾ, ತಪ್ಪು ತಿಳ್ಕೋಬೇಡಿ. ಆ ಟಿನ್ನು ಬಡಿದವರೂ ನೀವೇ ಅಲ್ವಾ? ಹಂಡೆ ಅಣ್ಣನ ತಲೆ ಮೇಲೆ ಮಾತ್ರ ಯಾಕೆ?" ಎಂದಳು.

"ನಾನೇ ಬಡಿದದ್ದು," ಎಂದರು ಅತ್ತೆ.

"ಏನಂತು?"

"ಟಣ್ ಅಂತು."

"ಮತ್ತೆ?" ಎಂದಳು ಅವಳು.

ಎಲ್ಲರೂ ಮುಗಿಯಿತು ಅಂದರೂ ಲ್ಯಾಬ್ ಮೇಡಂ ಮಾತ್ರ ಮುಗಿದಿಲ್ಲ ಅನ್ನುತ್ತಿದ್ದರು. ಮಾವನ ಮಾದರಿ ಇನ್ನೊಂದು ಬೇಕೆಂದು ಆಸ್ಪತ್ರೆಗೆ ಬಂದಾಗ ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತು ವಿವರಿಸಿದರು.

"ವಿಷ ಒಂದೇ ಅಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಒಂದೇ ಅಲ್ಲಮ್ಮಾ. ವಿಷ ಮಾಡೋ ವಂಶವಾಹಿ ಕೆಲವದರಲ್ಲಿ ಅದರ ಮುಖ್ಯ ಎಳೆಯಲ್ಲೇ ಇರುತ್ತೆ. ಕೆಲವದರಲ್ಲಿ ಪಕ್ಕದಲ್ಲಿ ಉಂಗುರದ ಹಾಗೆ ಸುತ್ತಿಕೊಂಡ ಇನ್ನೊಂದು ಸಣ್ಣ ಎಳೆ ಇರುತ್ತೆ, ಅದರಲ್ಲಿರುತ್ತೆ. ಆ ಉಂಗುರ ಒಂದರಿಂದ ಇನ್ನೊಂದಕ್ಕೆ ದಾಟಬಹುದು. ನಿಮ್ಮ ಫ್ಯಾಕ್ಟರಿಲಿ ನೀಲಿ ಕೋಟು ಇದ್ಯಲ್ಲ, ಯಾರು ಬೇಕಾದ್ರೂ ಹಾಕ್ಕೋಬಹುದು. ಬರೀ ಕೋಟು ನೋಡಿ ಇವರೇ ಬಂದಿದ್ರು ಅಂತ ಹೇಳಕ್ಕಾಗುತ್ತಾ?"

"ಆಗಲ್ಲ."

"ಅದಕ್ಕೇ ಒಳಗಿರೋರನ್ನ ನೋಡ್ಬೇಕು. ಒಂದೊಂದು ಬ್ಯಾಕ್ಟೀರಿಯಾದ ಎಳೆಯಲ್ಲೂ ಸುಮಾರು ನಲವತ್ತು ಲಕ್ಷ ಅಕ್ಷರ ಇವೆ. ಇರೋದು ನಾಲ್ಕೇ ಬಗೆ ಅಕ್ಷರ, ಅವೇ ಮತ್ತೆ ಮತ್ತೆ. ಅದು ಎರಡಾಗುವಾಗ ಎಲ್ಲಾನೂ ನಕಲು ಮಾಡುತ್ತೆ. ಅಪರೂಪಕ್ಕೆ ಎಲ್ಲೋ ಒಂದು ತಪ್ಪಾಗುತ್ತೆ. ಪರೀಕ್ಷೇಲಿ ನಕಲು ಹೊಡೆದವರ ಥರ. ತಪ್ಪುಗಳೂ ಒಂದೇ ಆಗಿದ್ರೆ ಯಾರು ಯಾರ್ದು ನೋಡಿ ಬರೆದ್ರು ಅಂತ ಗೊತ್ತಾಗುತ್ತೆ. ಶೆಡ್ಡಿನ ಮಣ್ಣಿಂದು ಓದೋಕೆ ಕೊಟ್ಟಿದೀನಿ. ಆದ್ರೆ ಅದು ಬರೀ ಮಣ್ಣು. ತಿಂದ ಪದಾರ್ಥನೇ ಸಿಕ್ಕಿದ್ರೆ ಮಾತು ಮುಗೀತಿತ್ತು. ಟಿನ್ನು ಸಿಗ್ತಿಲ್ಲ, ಬಾಟಲಿ ನೀವು ತೊಳೆದುಬಿಟ್ರಿ."

"ಹೌದು. ತೊಳೆದುಬಿಟ್ಟೆ," ಎಂದರು ಅತ್ತೆ.

ಅದೇ ದಿನ ಸಂಜೆ ಹಂಡೆ ಅಣ್ಣ ಬಂದರು. ಗಟ್ಟಿಮುಟ್ಟಾದ ಮನುಷ್ಯ, ಹಬೆ ಸುಟ್ಟು ಮುಂಗೈ ಮೇಲೆಲ್ಲ ಬಿಳಿ ಮಚ್ಚೆಗಳು. ನಿಂತೇ ಮಾತಾಡಿದರು.

"ಅಕ್ಕಾ, ಹಂಡೆ ಬಿಸಿ ಬರೆದಿಡೋ ಚಾರ್ಟು ಎಲ್ಲಾ ತೆಗೆಸಿ ನೋಡಿದೆ. ಆ ವಾರ ಎಲ್ಲಾ ಸರಿ ಇದೆ. ನೂರಾ ಇಪ್ಪತ್ತೊಂದಕ್ಕಿಂತ ಒಂದು ಗೆರೆ ಕೆಳಗಿಲ್ಲ."

"ಮತ್ತೆ ನಿಮ್ಮದೇನು ತಪ್ಪು?"

"ಅದೇ ಗೊತ್ತಾಗ್ತಿಲ್ಲ. ಮೀಟರ್ ಮುಳ್ಳು ಸುಳ್ಳು ಹೇಳಿರ್ಬೇಕು. ಇಲ್ಲಾ ನಾನೇ ಬೇಗ ಇಳಿಸಿಬಿಟ್ಟು ಮರೆತಿದೀನಿ. ನನ್ನ ಕೈಯಿಂದಲೇ ಆಗಿರ್ಬೇಕು ಅಕ್ಕಾ. ವಿಚಾರಣೇಲಿ ಹಾಗೇ ಬರೆದುಕೊಡೋಣ ಅಂತಿದೀನಿ. ಒಪ್ಕೊಂಡ್ರೆ ಉಳಿದೋರಿಗಾದ್ರೂ ಕೆಲಸ ಬೇಗ ಶುರುವಾಗುತ್ತೆ." ಗಾಜಿನಾಚೆ ಮಲಗಿದ್ದ ಮಾವನನ್ನು ನೋಡಿ ಅವರು ಕೈ ಮುಗಿದರು.

"ಏನೂ ಬರೀಬೇಡಿ," ಎಂದರು ಅತ್ತೆ. "ಎರಡು ದಿನ ತಡೀರಿ."

ಮನೆಗೆ ಬಂದು ಕಪಾಟಿನ ಹಿಂದಿನ ಸಾಲಿನಿಂದ ಎರಡನೇ ಕೆಂಪು ದಾರದ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ನಾನು ಎದುರಿಗೆ ಇದ್ದೆ. ನೀರು ತಿಳಿಯಾಗಿತ್ತು, ಬೀನ್ಸ್ ಹಸಿರಾಗಿತ್ತು. ಮುಚ್ಚಳದ ನಡುಭಾಗ ಒಳಕ್ಕೆ ಎಳೆದುಕೊಂಡು ಬಿಗಿಯಾಗಿತ್ತು. ಅತ್ತೆ ತಮ್ಮ ಕಡ್ಡಿ ತಂದು ಬಡಿದರು. ಟಣ್ ಅಂತು. ತುಂಬ ಒಳ್ಳೆಯ ಸದ್ದು. ಇನ್ನೊಂದು ಸಲ ಬಡಿದರು. ಟಣ್.

"ನೋಡು, ಎಷ್ಟು ಚೆನ್ನಾಗಿ ಸುಳ್ಳು ಹೇಳ್ತಿದೆ," ಎಂದರು.

ಸಿಟ್ಟು, ದುಃಖ ಯಾವುದೂ ಆ ಮಾತಿನಲ್ಲಿರಲಿಲ್ಲ. ವೇಳಾಪಟ್ಟಿ ಓದಿದ ಹಾಗಿತ್ತು. ಕಡ್ಡಿಯನ್ನು ಡ್ರಾಯರಿನಲ್ಲಿಟ್ಟು ಮುಚ್ಚಿದರು.

ಮರುದಿನ ಬೆಳಿಗ್ಗೆ ಬಾಟಲಿಗೆ ಎರಡು ಟವೆಲ್ ಸುತ್ತಿ, ಮಾವನ ಊಟದ ಬ್ಯಾಗಿಗೆ ಹಾಕಿಕೊಂಡು ನಿಲ್ದಾಣಕ್ಕೆ ಹೋದರು. ಒಬ್ಬರನ್ನೇ ಕಳಿಸಬಾರದು ಎಂದು ಅಪ್ಪ ನನ್ನನ್ನೂ ಕಳಿಸಿದರು. ಸ್ಪೀಕರಿನಲ್ಲಿ ಬೇರೆ ಯಾರದೋ ದನಿ ಬರುತ್ತಿತ್ತು. ಚುರುಕಾದ, ಎಳೆಯ ದನಿ. ಅತ್ತೆ ನಿಂತು ಪೂರ್ತಿ ಕೇಳಿದರು. "ಅಂಕಣ ಅನ್ನೋದನ್ನ ನುಂಗ್ತಾನೆ," ಎಂದು ಮಾತ್ರ ಹೇಳಿದರು. ಬಸ್ಸಿನಲ್ಲಿ ಬ್ಯಾಗು ತೊಡೆಯ ಮೇಲಿತ್ತು, ಎರಡೂ ಕೈ ಅದರ ಮೇಲಿದ್ದವು.

ಲ್ಯಾಬಿನಲ್ಲಿ ಮೇಡಂ ಟವೆಲ್ ಬಿಚ್ಚಿದವರು ತಕ್ಷಣ ಎರಡು ಹೆಜ್ಜೆ ಹಿಂದೆ ಸರಿದರು. "ಇದನ್ನ ಬಸ್ಸಲ್ಲಿ ತಂದ್ರಾ! ಇದೆಲ್ಲಿತ್ತು?"

"ಮನೇಲಿತ್ತು. ಹುಳಿ ಕಡಿಮೆ ಹಾಕಿದ್ದು. ಅವರು ತಿಂದದ್ದೂ ಇಂಥದ್ದೇ. ಅವತ್ತು ನಾನು ಸುಳ್ಳು ಹೇಳಿದ್ದೆ."

ಮೇಡಂ ಬೈಯುತ್ತಾರೆ ಎಂದು ನಾನು ಕಾದೆ. ಅವರು ಬೈಯಲಿಲ್ಲ. ಒಂದು ಕಾಗದ ಕೊಟ್ಟು, "ಏನು ಹೇಳಿದ್ರೋ ಅದನ್ನೇ ಬರೀರಿ," ಎಂದರು. ಅತ್ತೆ ನಾಲ್ಕು ಸಾಲು ಬರೆದು ಸಹಿ ಮಾಡಿದರು.

ಉತ್ತರ ಬರಲು ಹನ್ನೊಂದು ದಿನ ಬೇಕಾಯಿತು. ಬಾಟಲಿಯ ನೀರಿನಲ್ಲಿ ವಿಷ ಇತ್ತು. ಅದರ ಬ್ಯಾಕ್ಟೀರಿಯಾದ ನಲವತ್ತು ಲಕ್ಷ ಅಕ್ಷರಗಳನ್ನೂ ಮಾವನಿಂದ ತೆಗೆದದ್ದರ ಅಕ್ಷರಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಎರಡೇ ಎರಡು ಅಕ್ಷರ ಬೇರೆ ಇದ್ದವು. ಶೆಡ್ಡಿನ ಮಣ್ಣಿನದು ಸಾವಿರಾರು ಕಡೆ ಬೇರೆ ಇತ್ತು. ವಿಷದ ಉಂಗುರ ಮಾತ್ರ ಮಣ್ಣಿನದರಲ್ಲೂ ಬಾಟಲಿಯದರಲ್ಲೂ ಒಂದೇ ಥರದ್ದು. ಕೋಟು ಒಂದೇ, ಹಾಕಿಕೊಂಡವರು ಬೇರೆ. ಫ್ಯಾಕ್ಟರಿಯ ಬೀಗ ತೆಗೆದರು. ಹಂಡೆ ಅಣ್ಣ ಕೆಲಸಕ್ಕೆ ಹೋದರು. ಅವರು ಅತ್ತೆಗೆ ಒಂದು ಮಾತೂ ಹೇಳಲಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಲೇಬಲ್ ಅಂಟಿಸುವವಳು ಮಾತ್ರ ಎಲ್ಲರ ಎದುರು, "ಗಂಡನಿಗೆ ಹುಳಿ ಬೇಡ ಅಂತ ನಮ್ಮೆಲ್ಲರ ಬಾಯಿ ಹುಳಿ ಮಾಡಿದ್ರಲ್ಲ ಅಕ್ಕಾ," ಎಂದಳಂತೆ.

ಇನ್ನು ಮಾವನಿಗೆ ಹೇಳುವುದು ಉಳಿದಿತ್ತು. ಆ ಹೊತ್ತಿಗೆ ಅವರ ಗಂಟಲಲ್ಲಿ ತೂತು ಮಾಡಿ ನಳಿಗೆ ಹಾಕಿದ್ದರು. ರೆಪ್ಪೆ ತಾನಾಗಿ ಏಳುತ್ತಿರಲಿಲ್ಲ. ಬಲಗೈ ತೋರುಬೆರಳು ಮಾತ್ರ ಸ್ವಲ್ಪ ಆಡುತ್ತಿತ್ತು. ನರ್ಸಮ್ಮ ಅದಕ್ಕೊಂದು ಲೆಕ್ಕ ಕಲಿಸಿದ್ದರು. ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ. ನೋವಿದೆಯಾ, ಚಳಿ ಆಗ್ತಿದೆಯಾ, ಮಗ್ಗುಲು ಬದಲಾಯಿಸಲಾ ಎಂದು ಎಲ್ಲರೂ ಕೇಳುತ್ತಿದ್ದರು. ಅವರು ಮಂಚದ ಉಕ್ಕಿನ ಕಂಬಿಗೆ ಉಗುರಿನಿಂದ ತಟ್ಟಿ ಉತ್ತರ ಕೊಡುತ್ತಿದ್ದರು. ಬೇರೆಯವರು ಬೆರಳನ್ನೇ ನೋಡುತ್ತಿರಬೇಕಿತ್ತು. ಅತ್ತೆ ನೋಡದೆಯೇ ಹೇಳುತ್ತಿದ್ದರು.

ಅತ್ತೆ ಕುರ್ಚಿ ಎಳೆದುಕೊಂಡು ಕೂತರು.

"ರೀ. ಟಿನ್ನಲ್ಲ. ಕೆಂಪು ದಾರದ ಬಾಟಲಿ. ನಾನು ಮಾಡಿದ್ದೇ. ಲ್ಯಾಬಿನವರು ಅಕ್ಷರ ಅಕ್ಷರ ಓದಿ ಹೇಳಿದ್ರು."

ಬೆರಳು ಒಂದು ಸಲ ತಟ್ಟಿತು.

ಅತ್ತೆ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಆಮೇಲೆ, "ಹೌದು ಅಂದ್ರೆ? ನಿಮಗೆ ಗೊತ್ತಿತ್ತಾ?" ಎಂದರು.

ಒಂದು ಸಲ.

"ಆ ಟಿನ್ನು ತಿಂದ್ರಾ ನೀವು?"

ಎರಡು ಸಲ.

ಟಿನ್ನನ್ನು ಅವರು ನಿಲ್ದಾಣದಲ್ಲಿ, ಬಸ್ಸು ರದ್ದಾಗಿ ಮಗು ಎತ್ತಿಕೊಂಡು ಕೂತಿದ್ದ ಯಾರೋ ಹೆಂಗಸಿಗೆ ಕೊಟ್ಟಿದ್ದರು. ಅದು ನಮಗೆ ತಿಳಿದದ್ದು ಎಷ್ಟೋ ಆಮೇಲೆ. ಆದರೆ ತಿಂದಿಲ್ಲ ಎನ್ನುವುದು ಅವರಿಗೆ ಮೊದಲಿಂದ ಗೊತ್ತಿತ್ತು. ಅವರ ಮಂಚದ ಪಕ್ಕದಲ್ಲೇ ಎಲ್ಲರೂ ಟಿನ್ನಿನ ಮಾತಾಡುತ್ತಿದ್ದರು. ಅವರು ಎಲ್ಲವನ್ನೂ ಕೇಳಿಸಿಕೊಂಡು ಮಲಗಿದ್ದರು. ಎರಡು ವಾರದಿಂದ ಬೆರಳು ಆಡುತ್ತಿತ್ತು. ಇದೊಂದನ್ನು ಯಾರೂ ಕೇಳಿರಲಿಲ್ಲ.

ಅತ್ತೆ ಎದ್ದು ಫ್ಲಾಸ್ಕಿನ ಮುಚ್ಚಳ ಸರಿಯಾಗಿ ತಿರುಗಿಸಿ, ಮತ್ತೆ ಬಂದು ಕೂತರು.

ಅತ್ತೆ ಕೆಲಸಕ್ಕೆ ವಾಪಸ್ಸು ಹೋದರು. ಅದೇ ಪಟ್ಟಿ, ಅದೇ ಕಡ್ಡಿ. ಒಂದೇ ವ್ಯತ್ಯಾಸ. ಪ್ರತಿ ಸರದಿಗೂ ಮೊದಲು ಹಂಡೆಯ ಹತ್ತಿರ ನಡೆದುಹೋಗಿ, ಚಾರ್ಟಿನ ಗೆರೆ ನೂರಾ ಇಪ್ಪತ್ತೊಂದನ್ನು ಮುಟ್ಟಿದೆಯೇ ಎಂದು ನೋಡಿ, ಹಂಡೆ ಅಣ್ಣನನ್ನು ಬಾಯಿಬಿಟ್ಟು ಕೇಳುತ್ತಾರೆ. ಅವರು ಹೌದು ಎಂದ ಮೇಲೆ ಬಂದು ಬಡಿಯುತ್ತಾರೆ. ಲೇಬಲ್ ಅಂಟಿಸುವವಳು ಮೊದಮೊದಲು ನಗುತ್ತಿದ್ದಳು. ಮನೆಯಲ್ಲಿ ಅತ್ತೆ ಈಗ ಏನನ್ನೂ ಬಡಿಯುವುದಿಲ್ಲ. ಬಾಟಲಿ ತುಂಬುವುದೂ ಇಲ್ಲ.

ನರದ ತುದಿಗಳು ಹೊಸದಾಗಿ ಚಿಗುರಬೇಕು, ಅದಕ್ಕೆ ತಿಂಗಳುಗಳು ಬೇಕು ಎಂದು ಡಾಕ್ಟರು ಹೇಳಿದ್ದರು. ಹಾಗೇ ಆಯಿತು. ಮೊದಲು ಕೈ, ಆಮೇಲೆ ರೆಪ್ಪೆ, ಆಮೇಲೆ ಯಂತ್ರವಿಲ್ಲದೆ ಒಂದು ಗಂಟೆ ಉಸಿರು, ಆಮೇಲೆ ಒಂದು ದಿನ. ಐದನೇ ತಿಂಗಳು ಗಂಟಲಿನ ನಳಿಗೆಗೆ ಮುಚ್ಚಳ ಹಾಕಿ ಮಾತಾಡಿಸಿ ನೋಡಿದರು. ಅವತ್ತು ನಾವೆಲ್ಲ ಇದ್ದೆವು.

"ಅನೌನ್ಸ್ ಮಾಡಿ ನೋಡೋಣ ಸಾರ್. ಹದಿನೇಳನೇ ನಂಬರು ಎಲ್ಲಿದೆ?" ಎಂದರು ನರ್ಸಮ್ಮ.

ಮಾವ ನರ್ಸಮ್ಮನನ್ನು ನೋಡಲಿಲ್ಲ. ಅತ್ತೆಯನ್ನು ನೋಡಿದರು. ದನಿ ಮರಳು ಉಜ್ಜಿದ ಹಾಗಿತ್ತು. ನಿಲ್ದಾಣಕ್ಕಿರಲಿ, ಆ ಕೋಣೆಗೂ ಸಾಲುತ್ತಿರಲಿಲ್ಲ.

"ಬಡಿದು ನೋಡೇ," ಎಂದರು. "ಟಣ್ ಅಂತೀನಾ, ದಬ್ ಅಂತೀನಾ."

ನರ್ಸಮ್ಮ ನಕ್ಕರು. ಅಪ್ಪನೂ ನಕ್ಕರು. ಅತ್ತೆ ನಗಲಿಲ್ಲ. ಅವರ ಕೈ ಹೊದಿಕೆಯ ಮೇಲೆ ಸುಮ್ಮನೆ ಇತ್ತು.

"ಬಡಿದ್ರೆ ಗೊತ್ತಾಗಲ್ಲ ರೀ," ಎಂದರು. "ಕೇಳ್ಬೇಕು."

"ಹಾಗಾದ್ರೆ ಕೇಳು."

ಅತ್ತೆ ಯೋಚಿಸಿದರು. ಕೇಳಬೇಕಾದದ್ದು ಬಹಳ ಇತ್ತು ಎಂದು ಕಾಣುತ್ತದೆ. ಕೊನೆಗೆ, "ತಿನ್ನೋಕೆ ಏನು ಬೇಕು?" ಎಂದರು.

"ಏನಾದ್ರೂ ಹುಳಿ ಇರೋದು," ಎಂದರು ಮಾವ.

ಅತ್ತೆ ತಲೆಯಾಡಿಸಿ, ಎದ್ದು, ಕೊಡಬಹುದಾ ಎಂದು ನರ್ಸಮ್ಮನನ್ನು ಕೇಳಿದರು. ಇನ್ನೂ ಎರಡು ವಾರ ಊಟ ಮೂಗಿನ ನಳಿಗೆಯಲ್ಲೇ, ಬಾಯಿಗೆ ಏನೂ ಬೇಡ ಎಂದರು ನರ್ಸಮ್ಮ. ಸರಿ ಎಂದು ಅತ್ತೆ ಮತ್ತೆ ಕುರ್ಚಿಯಲ್ಲಿ ಕೂತರು.